ಹಾಲು ಕೊಟ್ಟ ಮರ, ನೆರಳು ಕೊಟ್ಟ ಮರ

ಸಿಂಗಪುರಕ್ಕೆ ಹೋಗಿ ಬಂದವರು ಅಲ್ಲಿಯ ಅಂಗಡಿಬೀದಿ, ಗಗನಚುಂಬಿ ಕಟ್ಟಡ, ಕಸವಿಲ್ಲದ ರಸ್ತೆಗಳ ಸುದ್ದಿ ಹೇಳುವುದು ವಾಡಿಕೆ. ಮರಗಳ ಸುದ್ದಿ ಹೇಳುವವರು ಕಡಿಮೆ. ಆದರೆ ಆ ದ್ವೀಪದ ಇನ್ನೂರು ವರ್ಷಗಳ ಚರಿತ್ರೆಯನ್ನು ಕಟ್ಟಡಗಳಲ್ಲಿ ಹುಡುಕುವುದಕ್ಕಿಂತ ಮರಗಳಲ್ಲಿ ಹುಡುಕುವುದು ಸುಲಭ. ಅಲ್ಲಿ ಕಟ್ಟಡಗಳು ಮೂವತ್ತು ನಲವತ್ತು ವರ್ಷಕ್ಕೆಲ್ಲ ಮುದಿಯಾಗಿ ನೆಲಸಮವಾಗುತ್ತವೆ. ಕೆಲವು ಮರಗಳು ಮಾತ್ರ ಬ್ರಿಟಿಷರನ್ನೂ ಜಪಾನೀಯರನ್ನೂ ಕಂಡು ಇಂದಿಗೂ ನಿಂತಿವೆ.

ದ್ವೀಪ ದೊಡ್ಡದೇನಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರು. ಒಟ್ಟು ವಿಸ್ತಾರ ಹೆಚ್ಚುಕಡಿಮೆ ನಮ್ಮ ಬೆಂಗಳೂರು ಮಹಾನಗರದಷ್ಟೇ. ಸಮಭಾಜಕ ವೃತ್ತಕ್ಕೆ ಸಮೀಪವಾದ್ದರಿಂದ ಬೇಸಗೆ, ಚಳಿಗಾಲಗಳೆಂಬ ಭೇದವಿಲ್ಲ. ವರ್ಷವಿಡೀ ಮಳೆ, ವರ್ಷವಿಡೀ ಸೆಕೆ. ಮರಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? 1819ರಲ್ಲಿ ಸ್ಟ್ಯಾಂಫರ್ಡ್ ರಾಫೆಲ್ಸ್ ಅಲ್ಲಿ ಬಂದಿಳಿದಾಗ ಕರಾವಳಿಯ ಕೆಲವು ಹಳ್ಳಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಪಾಲು ಕಾಡು. 1883ರಲ್ಲಿ ಸಸ್ಯೋದ್ಯಾನದ ಅಧಿಕಾರಿ ನಥಾನಿಯಲ್ ಕ್ಯಾಂಟ್ಲಿ ಅರಣ್ಯದ ಸ್ಥಿತಿಯ ಬಗ್ಗೆ ವರದಿ ಬರೆದಾಗ ಶೇಕಡ 7ರಷ್ಟು ಕಾಡು ಮಾತ್ರ ಉಳಿದಿತ್ತು. ಅರವತ್ತೇ ವರ್ಷ! ಒಂದು ತಲೆಮಾರಿನ ಜನ ಹುಟ್ಟಿ ಮುದುಕರಾಗುವಷ್ಟರಲ್ಲಿ ಒಂದು ದ್ವೀಪದ ಕಾಡು ಮುಗಿದುಹೋಯಿತು. ಅದು ಹೇಗಾಯಿತು, ಆಮೇಲೆ ಅದೇ ದ್ವೀಪ ಮರಗಳ ನಗರವೆಂದು ಹೆಸರಾದದ್ದು ಹೇಗೆ ಎಂಬುದನ್ನು ಅಲ್ಲಿಯ ಕೆಲವು ಮರಗಳ ಬುಡದಲ್ಲಿ ನಿಂತು ಕೇಳಬಹುದು.

ನಗರದ ಮಧ್ಯದ ಫೋರ್ಟ್ ಕ್ಯಾನಿಂಗ್ ಗುಡ್ಡದಿಂದ ಹೊರಡೋಣ. ಮಲಯ ಜನ ಇದನ್ನು ಬುಕಿತ್ ಲಾರಂಗನ್, ಅಂದರೆ ನಿಷಿದ್ಧ ಬೆಟ್ಟ ಎನ್ನುತ್ತಿದ್ದರು. ಹಳೆಯ ಅರಸರ ಸಮಾಧಿ ಅಲ್ಲಿದೆಯೆಂದು ನಂಬಿಕೆ. ರಾಫೆಲ್ಸ್‌ಗೆ ನಿಷಿದ್ಧವಾದದ್ದು ಯಾವುದೂ ಇರಲಿಲ್ಲ. ಅವನು ಅದರ ಮೇಲೆ ಮನೆ ಕಟ್ಟಿದ, 1822ರಲ್ಲಿ ಇಳಿಜಾರಿನಲ್ಲಿ ಸಸ್ಯೋದ್ಯಾನ ಮಾಡಿಸಿದ. ಉದ್ಯಾನವೆಂದರೆ ಹೂಗಿಡಗಳ ಅಲಂಕಾರವಲ್ಲ; ಜಾಯಿಕಾಯಿ, ಲವಂಗಗಳ ಪ್ರಯೋಗದ ತೋಟ. ಡಚ್ಚರ ಹಿಡಿತದಲ್ಲಿದ್ದ ಸಾಂಬಾರ ವ್ಯಾಪಾರವನ್ನು ಮುರಿಯಬೇಕೆಂಬುದು ಅವನ ಹಂಬಲ. ಖರ್ಚಿಗೆ ಹಣ ಸಾಲದೆ 1829ರಲ್ಲಿ ಆ ತೋಟ ಮುಚ್ಚಿತಾದರೂ ಜಾಯಿಕಾಯಿಯ ಹುಚ್ಚು ಊರಿಗೆಲ್ಲ ಹಿಡಿಯಿತು. ವ್ಯಾಪಾರಿಗಳು, ವೈದ್ಯರು, ಸರ್ಕಾರಿ ನೌಕರರು ಎಲ್ಲರೂ ಕಾಡು ಕಡಿಸಿ ಜಾಯಿಕಾಯಿ ಹಾಕಿದರು. ಶಿರಸಿ ಕಡೆಯ ತೋಟಿಗರಿಗೆ ಗೊತ್ತಿರುವಂತೆ ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬೆಳೆಸಿದ ಗಿಡ ಯಾವುದೆಂದು ತಿಳಿಯಲು ಆರೇಳು ವರ್ಷ ಕಾಯಬೇಕು. ಅವರು ಕಾದರು. ಕಾಯಿ ಕೈಗೆ ಬರತೊಡಗಿದ ಕಾಲಕ್ಕೇ, 1850ರ ದಶಕದಲ್ಲಿ, ಮರಗಳು ತುದಿಯಿಂದ ಒಣಗತೊಡಗಿದವು. ಕೆಲವೇ ವರ್ಷಗಳಲ್ಲಿ ತೋಟಗಳೆಲ್ಲ ಪಾಳು. ಇಂದು ಜಗತ್ತಿನ ದುಬಾರಿ ಅಂಗಡಿಗಳು ಸಾಲುಗಟ್ಟಿರುವ ಆರ್ಚರ್ಡ್ ರಸ್ತೆ ಆ ತೋಟಗಳ ನಡುವೆ ಹಾದುಹೋಗುತ್ತಿದ್ದ ಮಣ್ಣಿನ ದಾರಿ. ಹೆಸರು ಉಳಿಯಿತು, ತೋಟ ಉಳಿಯಲಿಲ್ಲ.

ಕಾಡಿಗೆ ಜಾಯಿಕಾಯಿಗಿಂತ ದೊಡ್ಡ ಶತ್ರು ಗಂಬೀರ್. ಇದೊಂದು ಪೊದೆ. ಎಲೆಗಳನ್ನು ಕುದಿಸಿ ಗಟ್ಟಿಮಾಡಿದರೆ ನಮ್ಮ ಕಾಚಿನಂಥ ಕಂದು ಪದಾರ್ಥ ಸಿಗುತ್ತದೆ. ಅಲ್ಲಿಯವರು ಅದನ್ನು ವೀಳ್ಯದೊಡನೆ ಮೆಲ್ಲುತ್ತಿದ್ದರು. ಯೂರೋಪಿನವರು ಚರ್ಮ ಹದಮಾಡಲು, ಬಟ್ಟೆಗೆ ಬಣ್ಣ ಹಾಕಲು ಕೊಳ್ಳುತ್ತಿದ್ದರು. ಚೀನೀ ಕೃಷಿಕರು ಗಂಬೀರನ್ನೂ ಕಾಳುಮೆಣಸನ್ನೂ ಜೊತೆಯಾಗಿ ಬೆಳೆದರು. ಎಲೆ ಕುದಿಸಲು ಸೌದೆ ಬೇಕು, ಸೌದೆಗೆ ಕಾಡು ಬೇಕು. ಹದಿನೈದು ಇಪ್ಪತ್ತು ವರ್ಷಕ್ಕೆ ಮಣ್ಣಿನ ಸತ್ವ ಮುಗಿದರೆ ಜಾಗ ಬಿಟ್ಟು ಮುಂದಕ್ಕೆ. ಹಿಂದೆ ಉಳಿಯುತ್ತಿದ್ದದ್ದು ಹುಲ್ಲು.

ಆರ್ಚರ್ಡ್ ರಸ್ತೆಯ ಕೊನೆಯಿಂದ ಸ್ವಲ್ಪ ಮುಂದೆ ನಡೆದರೆ ಈಗಿನ ಸಸ್ಯೋದ್ಯಾನ. 1859ರಲ್ಲಿ ಸ್ಥಾಪನೆಯಾದದ್ದು, 2015ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಮನ್ನಿಸಿತು. ಇಲ್ಲಿಯ ಹುಲ್ಲುಹಾಸಿನ ಅಂಚಿನಲ್ಲಿ ಒಂದು ತೆಂಬುಸು ಮರವಿದೆ. ಅದರ ಒಂದು ಕೊಂಬೆ ನೆಲಕ್ಕೆ ಸಮಾನಾಂತರವಾಗಿ, ಕೈಗೆ ಎಟಕುವಷ್ಟು ತಗ್ಗಿನಲ್ಲಿ ಚಾಚಿಕೊಂಡಿದೆ. 1999ರಲ್ಲಿ ಬಂದ ಐದು ಡಾಲರಿನ ನೋಟಿನ ಮೇಲೆ ಅಚ್ಚಾಗಿರುವುದು ಈ ಮರವೇ. ತಲೆಮಾರುಗಳಿಂದ ಆ ಕೊಂಬೆಯ ಮೇಲೆ ಮಕ್ಕಳು ಆಡಿದ್ದಾರೆ, ಮದುವೆಯಾದ ಜೋಡಿಗಳು ಕುಳಿತು ಫೋಟೋ ತೆಗೆಸಿಕೊಂಡಿದ್ದಾರೆ. ಕೊಂಬೆ ತಾಳಲಾರದೆಂದು 2013ರಲ್ಲಿ ಸುತ್ತ ಬೇಲಿ ಹಾಕಿದರು. ಇದನ್ನು ಯಾರೂ ನೆಟ್ಟದ್ದಲ್ಲ ಎಂಬುದು ವಿಶೇಷ. ಉದ್ಯಾನದ ನಕ್ಷೆ ಹಾಕುವ ಮೊದಲೇ ಅದು ಅಲ್ಲಿ ಬೆಳೆದು ನಿಂತಿತ್ತು; ಉದ್ಯಾನವೇ ಅದರ ಸುತ್ತ ಬಂದು ಸೇರಿತು. ತೆಂಬುಸುವಿನ ಕೆನೆಬಣ್ಣದ ಹೂ ಸಂಜೆ ಅರಳಿ ದೂರಕ್ಕೆ ಪರಿಮಳ ಬೀರುತ್ತದೆ. ಹಣ್ಣು ತಿಂದ ಬಾವಲಿಗಳು ಬೀಜವನ್ನು ಎಲ್ಲೆಂದರಲ್ಲಿ ಉದುರಿಸುತ್ತವೆ.

ಇದೇ ಉದ್ಯಾನದಲ್ಲಿ ನಿಂತು ಕೇಳಬೇಕಾದ ಇನ್ನೊಂದು ಕತೆ ಎರಡು ಹಾಲುಮರಗಳದ್ದು.

ಮೊದಲನೆಯದು ಗಟ್ಟಾಪರ್ಚಾ. ಮಲಯ ಭಾಷೆಯಲ್ಲಿ ಗೆತಾಹ್ ಎಂದರೆ ಮರದ ಹಾಲು. ಈ ಮರ ನಮ್ಮ ಹಿಪ್ಪೆ, ಬಕುಳ, ಸಪೋಟಗಳ ಕುಟುಂಬದ್ದು. ಎಲೆಯ ಕೆಳಗಡೆ ತಾಮ್ರಕ್ಕೆ ಚಿನ್ನದ ನೀರು ಕೊಟ್ಟಂಥ ಹೊಳಪು. ಮಲಯ ಕಾಡಿನ ಜನ ಇದರ ಹಾಲನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕತ್ತಿಯ ಹಿಡಿ ಮಾಡಿಕೊಳ್ಳುತ್ತಿದ್ದರು. ತಣಿದರೆ ಕಲ್ಲಿನಂತೆ ಗಟ್ಟಿ, ಮತ್ತೆ ಬಿಸಿಮಾಡಿದರೆ ಮತ್ತೆ ಮೆದು. ವಿಲಿಯಂ ಮಾಂಟ್ಗೊಮರಿ ಎಂಬ ಶಸ್ತ್ರವೈದ್ಯ ಸಿಂಗಪುರದಲ್ಲಿ ಇದನ್ನು ಗಮನಿಸಿ 1843ರಲ್ಲಿ ಲಂಡನ್ನಿಗೆ ಮಾದರಿ ಕಳಿಸಿದ. ಶಸ್ತ್ರಕ್ರಿಯೆಯ ಉಪಕರಣಗಳಿಗೆ ಬಂದೀತು ಎಂಬುದು ಅವನ ಎಣಿಕೆ. ಆದರೆ ಅದು ಬೇಕಾದದ್ದು ಬೇರೆಯವರಿಗೆ. ಆಗತಾನೆ ತಂತಿ ಸಮಾಚಾರ ಬಂದಿತ್ತು. ನೆಲದ ಮೇಲೆ ಕಂಬ ನೆಟ್ಟು ತಂತಿ ಎಳೆಯಬಹುದು, ಸಮುದ್ರದಲ್ಲಿ ಏನು ಮಾಡುವುದು? ಉಪ್ಪುನೀರು ತಾಗದಂತೆ ತಾಮ್ರದ ತಂತಿಗೆ ಹೊದಿಸಲು ಪ್ಲಾಸ್ಟಿಕ್ ಹುಟ್ಟದ ಕಾಲದಲ್ಲಿ ಏನಿತ್ತು? ರಬ್ಬರು ಹೊದಿಸಿ ನೋಡಿದರು, ಅದು ಸಮುದ್ರದಲ್ಲಿ ಬಾಳಿಕೆ ಬರಲಿಲ್ಲ. ಗಟ್ಟಾಪರ್ಚಾ ಮಾತ್ರ ಆಳಸಮುದ್ರದ ತಣ್ಣೀರಿನಲ್ಲಿ ಒತ್ತಡಕ್ಕೆ ಸಿಕ್ಕಷ್ಟೂ ಗಟ್ಟಿಯಾಗಿ ನಿಂತಿತು. 1851ರಲ್ಲಿ ಇಂಗ್ಲೆಂಡು ಮತ್ತು ಫ್ರಾನ್ಸ್ ನಡುವೆ, 1866ರಲ್ಲಿ ಅಟ್ಲಾಂಟಿಕ್ ಸಾಗರದ ಅಡಿಯಲ್ಲಿ ಶಾಶ್ವತವಾದ ತಂತಿ ಬಿದ್ದಿತು. 1870ರ ದಶಕದ ಆರಂಭದಲ್ಲಿ ಮದರಾಸಿನಿಂದ ಪಿನಾಂಗ್ ಮೂಲಕ ಸಿಂಗಪುರಕ್ಕೂ ತಂತಿ ಬಂತು. ಅಂದರೆ ಸಿಂಗಪುರದಂಥ ಕಾಡುಗಳ ಮರದ ಹಾಲು ಲಂಡನ್ನಿಗೆ ಹೋಗಿ, ತಂತಿಗೆ ಹೊದಿಕೆಯಾಗಿ, ಸಮುದ್ರದ ತಳದಲ್ಲಿ ತನ್ನ ಊರಿನ ಕಡೆಗೇ ಮರಳಿತು. ಬ್ರಿಟಿಷ್ ಸಾಮ್ರಾಜ್ಯ ನಿಂತದ್ದು ಹಡಗುಗಳ ಮೇಲೆ ಎನ್ನುತ್ತಾರೆ. ಅದರ ನರಮಂಡಲ ಮಾತ್ರ ಈ ಹಾಲಿನ ಒಳಗಿತ್ತು.

ಇಷ್ಟು ಬೆಲೆಬಾಳುವ ಮರಕ್ಕೆ ಆ ಬೆಲೆಯೇ ಮೃತ್ಯುವಾಯಿತು. ಗಟ್ಟಾಪರ್ಚಾ ಮರದಲ್ಲಿ ಹಾಲು ಒಂದಕ್ಕೊಂದು ಸೇರದ ಸಣ್ಣಸಣ್ಣ ಚೀಲಗಳಲ್ಲಿರುತ್ತದೆ. ತೊಗಟೆಗೆ ಒಂದು ಗೀರು ಹಾಕಿದರೆ ಆ ಗೀರಿನ ಪಕ್ಕದ ಚೀಲಗಳಷ್ಟೇ ಬರಿದಾಗುತ್ತವೆ, ಹಾಲು ಬೇಗನೆ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ಆದ್ದರಿಂದ ಮರವನ್ನೇ ಉರುಳಿಸಿ ಕಾಂಡದ ಉದ್ದಕ್ಕೂ ಬಳೆಬಳೆಯಾಗಿ ಕಡಿದು ಹಾಲು ಬಸಿಯುತ್ತಿದ್ದರು. ವರ್ಷಗಟ್ಟಲೆ ಬೆಳೆದ ಮರದಿಂದ ಸಿಗುತ್ತಿದ್ದದ್ದು ಕೆಲವೊಮ್ಮೆ ಒಂದು ಕಿಲೋಗಿಂತಲೂ ಕಡಿಮೆ. 1850ರ ದಶಕ ಮುಗಿಯುವ ಮೊದಲೇ ಸಿಂಗಪುರದಲ್ಲಿ ದೊಡ್ಡ ಗಟ್ಟಾಪರ್ಚಾ ಮರ ಹುಡುಕಿದರೂ ಸಿಗದಂತಾಯಿತು. ಕೊಡಲಿ ಮಲಯ, ಸುಮಾತ್ರ, ಬೋರ್ನಿಯೊಗಳ ಕಡೆಗೆ ಹೊರಟಿತು. ಈಗ ಈ ಹಾಲಿಗೆ ಹೆಚ್ಚಿನ ಉಪಯೋಗ ಉಳಿದಿರುವುದು ದಂತವೈದ್ಯರಲ್ಲಿ. ಹಲ್ಲಿನ ನರ ತೆಗೆಸಿ ಬೇರಿನ ನಾಳ ತುಂಬಿಸಿಕೊಂಡ ಓದುಗರ ಬಾಯಲ್ಲಿ ಇದರ ಒಂದು ತುಣುಕು ಇದ್ದೀತು.

ಎರಡನೆಯ ಹಾಲುಮರ ರಬ್ಬರು. ಇದು ಈ ದ್ವೀಪದ್ದೇ ಅಲ್ಲ. 1876ರಲ್ಲಿ ಹೆನ್ರಿ ವಿಕ್‌ಹ್ಯಾಂ ಬ್ರೆಜಿಲಿನಿಂದ ಸುಮಾರು 70,000 ಬೀಜ ಸಾಗಿಸಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಲುಪಿಸಿದ. ಮರುವರ್ಷ 22 ಸಸಿಗಳು ಸಿಂಗಪುರಕ್ಕೆ ಬಂದವು. ಹತ್ತು ವರ್ಷ ಅವನ್ನು ಕೇಳುವವರಿಲ್ಲ. 1888ರಲ್ಲಿ ಉದ್ಯಾನದ ಅಧಿಕಾರಿಯಾಗಿ ಹೆನ್ರಿ ರಿಡ್ಲಿ ಬಂದ. ರಬ್ಬರು ಮರದಲ್ಲಿ ಹಾಲಿನ ನಾಳಗಳು ಬಲೆಯಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ತೊಗಟೆಯನ್ನು ಒಳಗಿನ ಪದರಕ್ಕೆ ಪೆಟ್ಟಾಗದಂತೆ ಓರೆಯಾಗಿ ತೆಳುವಾಗಿ ಕೆತ್ತಿ, ಮರುದಿನ ಅದೇ ಗಾಯದ ಅಂಚನ್ನು ಮತ್ತಷ್ಟು ಕೆತ್ತಿದರೆ ಹಾಲು ಕಡಿಮೆಯಾಗುವ ಬದಲು ಹೆಚ್ಚುತ್ತದೆ ಎಂಬುದನ್ನು ಅವನು ತೋರಿಸಿಕೊಟ್ಟ. ಮೀನಿನ ಮುಳ್ಳಿನಂತೆ ಓರೆಗೆರೆ ಹಾಕುವ ಪದ್ಧತಿ ಅವನದೇ. ಕೆತ್ತಿದ ತೊಗಟೆ ಮತ್ತೆ ಬೆಳೆಯುತ್ತದೆ, ಮರ ಬದುಕಿರುತ್ತದೆ. ಆಮೇಲೆ ಅವನು ಕಂಡಕಂಡ ತೋಟಗಾರರಿಗೆಲ್ಲ ಬೀಜ ಕೊಡುತ್ತಾ ಪೀಡಿಸತೊಡಗಿದ. ಕಾಫಿ ಬೆಳೆಯುತ್ತಿದ್ದವರು ನಕ್ಕರು. ಅವನಿಗೆ ಹುಚ್ಚು ರಿಡ್ಲಿ ಎಂದೇ ಹೆಸರಾಯಿತು. ಕಾಫಿ ಬೆಲೆ ಕುಸಿದು, ಸೈಕಲ್ಲು ಕಾರುಗಳ ಗಾಲಿಗೆ ರಬ್ಬರು ಬೇಕಾದಾಗ ನಕ್ಕವರೇ ಬೀಜ ಕೇಳಲು ಬಂದರು. 1920ರ ಹೊತ್ತಿಗೆ ಲೋಕದ ರಬ್ಬರಿನಲ್ಲಿ ಸುಮಾರು ಅರ್ಧ ಪಾಲು ಮಲಯದ್ದು. ಆ ತೋಟಗಳಲ್ಲಿ ಬೆಳಗಿನ ಜಾವ ಎದ್ದು ತೊಗಟೆ ಕೆತ್ತಿದವರಲ್ಲಿ ಮದರಾಸು ಪ್ರಾಂತದಿಂದ ಹಡಗೇರಿದ ಕೂಲಿಗಳು ಲಕ್ಷಗಟ್ಟಲೆ. ಅವರ ಕತೆಯೇ ಬೇರೆ, ಅದಕ್ಕೆ ಇನ್ನೊಂದು ಲೇಖನ ಬೇಕು. ರಿಡ್ಲಿ ನೂರು ವರ್ಷ ಬಾಳಿ 1956ರಲ್ಲಿ ತೀರಿಕೊಂಡ.

ಒಂದು ಮರವನ್ನು ಕೊಂದು ಹಾಲು ತೆಗೆದರು, ಇನ್ನೊಂದನ್ನು ಕರೆಯುವ ಹಸುವಿನಂತೆ ಸಾಕಿದರು. ಸಾಕಿದ್ದು ಕಾಡಿಗೆ ಒಳ್ಳೆಯದಾಯಿತೆ ಎಂದರೆ ಅದೂ ಇಲ್ಲ. ಗಟ್ಟಾಪರ್ಚಾ ಹುಡುಕುವವನು ಕಾಡಿನಲ್ಲಿ ಒಂದು ಜಾತಿಯ ಮರ ಮಾತ್ರ ಕಡಿಯುತ್ತಿದ್ದ. ರಬ್ಬರು ಹಾಕುವವನಿಗೆ ಇಡೀ ಕಾಡನ್ನೇ ಬೋಳಿಸಬೇಕಿತ್ತು.

ಅಳಿದುಳಿದ ಕಾಡು ಕಾಣಬೇಕಾದರೆ ದ್ವೀಪದ ನಡುವಿನ ಬುಕಿತ್ ತಿಮಾ ಗುಡ್ಡಕ್ಕೆ ಹೋಗಬೇಕು. ಎತ್ತರ 163 ಮೀಟರು. ಗುಡ್ಡ ಎನ್ನಲು ನಮ್ಮ ಮಲೆನಾಡಿನವರು ಒಪ್ಪಲಾರರು. ಆದರೂ ಇಲ್ಲಿ ಸೆರಾಯ ಮುಂತಾದ ನಿಜವಾದ ಮಳೆಕಾಡಿನ ದೈತ್ಯಮರಗಳಿವೆ. ಇವು ನಮ್ಮ ಪಶ್ಚಿಮಘಟ್ಟದ ಧೂಪದ ಮರದ ಕುಟುಂಬದವು, ಹಲವು ವರ್ಷಕ್ಕೊಮ್ಮೆ ಎಲ್ಲ ಒಟ್ಟಿಗೆ ಹೂಬಿಡುವಂಥವು. ಗಟ್ಟಾಪರ್ಚಾ ಕೂಡ ಅಲ್ಲೊಂದು ಇಲ್ಲೊಂದು ಚಿಗುರಿ ಉಳಿದಿದೆ. ಆಲ್ಫ್ರೆಡ್ ರಸೆಲ್ ವಾಲೇಸ್ 1854ರಲ್ಲಿ ಈ ಗುಡ್ಡದ ಆಸುಪಾಸಿನಲ್ಲಿ ಸುಮಾರು 700 ಜಾತಿಯ ಜೀರುಂಡೆಗಳನ್ನು ಹಿಡಿದ. ಅಷ್ಟು ಸಿಕ್ಕಿದ್ದಕ್ಕೆ ಕಾರಣ ಅವನೇ ಬರೆದಿದ್ದಾನೆ: ಚೀನೀ ಮರಕಟುಕರು ಸುತ್ತಲೂ ಕಡಿದು ಕೆಡವಿದ್ದ ಮರಗಳ ತೊಗಟೆ, ಹೊಟ್ಟು, ಕೊಳೆಯುವ ಎಲೆಗಳೇ ಆ ಹುಳುಗಳ ಆಹಾರ. ವಿಜ್ಞಾನದ ಆ ಸುಗ್ಗಿ ಕಾಡಿನ ಶವದ ಮೇಲೆ ನಡೆದದ್ದು.

ಇಂಥ ಮರಗಳ ತುದಿಯ ಹೂವು ಎಲೆಗಳನ್ನು ಪರೀಕ್ಷೆಗೆ ತರುವುದು ಹೇಗೆ? 1930ರ ದಶಕದ ಕೊನೆಯಲ್ಲಿ ಸಸ್ಯೋದ್ಯಾನದ ಇ. ಜೆ. ಎಚ್. ಕಾರ್ನರ್ ಇದಕ್ಕೊಂದು ಉಪಾಯ ಹುಡುಕಿದ. ಮಲಯ ಸೀಮೆಯಲ್ಲಿ ತೆಂಗಿನಕಾಯಿ ಕೀಳಲು ಪಳಗಿಸುತ್ತಿದ್ದ ಬೆರೋಕ್ ಎಂಬ ಮಂಗಗಳನ್ನು ತರಿಸಿ ಸಸ್ಯ ಸಂಗ್ರಹಕ್ಕೆ ತರಬೇತಿ ಕೊಟ್ಟ. ಕೆಳಗೆ ನಿಂತು ಮಲಯ ಭಾಷೆಯಲ್ಲಿ ಕೂಗಿ ಹೇಳಿದರೆ ಮಂಗ ಮೇಲೆ ಬೇಕಾದ ಕೊಂಬೆ ಮುರಿದು ಎಸೆಯುತ್ತಿತ್ತು. ಸರ್ಕಾರದ ಸೇವೆಯಲ್ಲಿದ್ದ ಮಂಗಗಳು!

ಅಲ್ಲಿಂದ ದ್ವೀಪದ ಪೂರ್ವದ ತುದಿ ಚಾಂಗಿಗೆ ಬರೋಣ. ಈಗ ವಿಮಾನ ನಿಲ್ದಾಣದಿಂದ ಪ್ರಸಿದ್ಧವಾದ ಈ ಊರಿನಲ್ಲಿ ಹಿಂದೆ ಒಂದು ಮಹಾಮರವಿತ್ತು. ಸುಮಾರು 76 ಮೀಟರು ಎತ್ತರ ಎಂದು ಹೇಳುತ್ತಾರೆ. ಹಡಗಿನವರಿಗೆ ದೂರದಿಂದ ಕಾಣುತ್ತಿದ್ದ ಗುರುತು ಅದು. ನಕ್ಷೆಗಳಲ್ಲೂ ಚಾಂಗಿ ಮರವೆಂದೇ ಗುರುತಿಸಿದ್ದರು. ಆ ಗುರುತೇ ಅದಕ್ಕೆ ಮುಳುವಾಯಿತು. 1942ರ ಫೆಬ್ರವರಿಯಲ್ಲಿ ಜಪಾನೀ ಸೈನ್ಯ ಬಾಗಿಲಿಗೆ ಬಂದಾಗ, ಶತ್ರುವಿನ ಫಿರಂಗಿಗಳು ಅದನ್ನು ನೋಡಿ ಗುರಿ ಹಿಡಿದಾವೆಂದು ಬ್ರಿಟಿಷ್ ಸೈನಿಕರೇ ಅದನ್ನು ಉರುಳಿಸಿದರು. ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಮರ ನಿಂತಿದ್ದರೂ ಅಷ್ಟೇ ಆಗುತ್ತಿತ್ತು.

ಅದೇ ಚಾಂಗಿಯಲ್ಲಿ 2002ರಲ್ಲಿ ಇನ್ನೊಂದು ದುರಂತ. ಸುಮಾರು 150 ವರ್ಷದ ಚೆಂಗಾಲ್ ಪಾಸಿರ್ ಮರವೊಂದನ್ನು ಅನುಮತಿಯಿಲ್ಲದೆ ಕಡಿಸಲಾಯಿತು. ಚಾಂಗಿ ಎಂಬ ಹೆಸರೇ ಈ ಜಾತಿಯಿಂದ ಬಂದಿರಬಹುದೆಂದು ಹಲವರು ಹೇಳುತ್ತಾರೆ. ಸಿಂಗಪುರದಲ್ಲಿ ಈ ಜಾತಿ ಅಳಿದೇ ಹೋಯಿತೆಂದು ಎಣಿಸಿದ್ದಾಗ ಕಂಡ ಮರ ಅದು. 1991ರಿಂದಲೇ ಆ ಪ್ರದೇಶ ಮರ ಸಂರಕ್ಷಣೆಯ ವಲಯವಾಗಿತ್ತು. 2001ರಲ್ಲಿ ಹಿರಿಯ ಮರಗಳನ್ನು ಒಂದೊಂದಾಗಿ ಪಟ್ಟಿಮಾಡಿ ಕಾಪಾಡುವ ಯೋಜನೆಯೂ ಬಂದಿತ್ತು. ಕಡಿಸಿದವರಿಗೆ ನ್ಯಾಯಾಲಯ ದಂಡ ವಿಧಿಸಿತು, ಸರ್ಕಾರಕ್ಕೆ ಮರದ ಪರಿಹಾರವನ್ನೂ ಅವರು ಕಟ್ಟಬೇಕಾಯಿತು. ನಮ್ಮಲ್ಲೂ 1976ರಿಂದ ಮರ ಸಂರಕ್ಷಣೆಯ ಕಾನೂನಿದೆ. ಆದರೆ ಅಲ್ಲಿ ಮರವೊಂದಕ್ಕೆ ಬೆಲೆ ಕಟ್ಟಿ ಕಡಿದವನಿಂದ ವಸೂಲು ಮಾಡಿದ ಸುದ್ದಿ ನಮ್ಮ ಪತ್ರಿಕೆ ಓದುಗರಿಗೆ ಸ್ವಲ್ಪ ವಿಚಿತ್ರವಾಗಿ ಕಂಡೀತು.

ಚಾಂಗಿಯಿಂದ ನಗರಕ್ಕೆ ಹಿಂದಿರುಗುವ ಹೆದ್ದಾರಿಯ ಎರಡೂ ಕಡೆ ಕೊಡೆ ಬಿಚ್ಚಿದಂತೆ ಮಳೆಮರಗಳು. ಬೆಂಗಳೂರು ಮೈಸೂರುಗಳ ಹಳೆಯ ರಸ್ತೆಗಳಲ್ಲಿ ನಾವು ದಿನವೂ ನೋಡುವ ಮರವೇ. ಅದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಸಿಂಗಪುರಕ್ಕೆ ಬಂದದ್ದು 1876ರಲ್ಲಿ. ಸಂಜೆಯಾದರೆ, ಮಳೆ ಕವಿದರೆ ಎಲೆ ಮಡಚುತ್ತದೆ. ಮಲಯ ಜನ ಇದನ್ನು ‘ಐದು ಗಂಟೆ’ ಮರ ಎನ್ನುತ್ತಾರೆ. ಸ್ವತಂತ್ರ ಸಿಂಗಪುರ ತನ್ನನ್ನು ಉದ್ಯಾನನಗರಿ ಎಂದು ಕರೆದುಕೊಳ್ಳಲು 1967ರಲ್ಲಿ ಹೊರಟಾಗ ನೆರಳಿಗೆ ಅವಸರವಿತ್ತು. ಪ್ರಧಾನಿ ಲೀ ಕ್ವಾನ್ ಯೂಗೆ ಮರವೆಂದರೆ ಆಡಳಿತದ ಜಾಹೀರಾತು: ರಸ್ತೆ ಬದಿಯ ಗಿಡಕ್ಕೆ ನೀರು ಹಾಕಿಸುವ ಸರ್ಕಾರ ಕಾರ್ಖಾನೆಗೂ ಕರೆಂಟು ಕೊಟ್ಟೀತು ಎಂದು ಬಂಡವಾಳಗಾರ ನಂಬಬೇಕು. ಆಗ ಕೈಹಿಡಿದದ್ದು ಅಂಗ್ಸಾನ, ನಮ್ಮ ಹೊನ್ನೆ ಮತ್ತು ರಕ್ತಚಂದನಗಳ ಜ್ಞಾತಿ. ಇದರ ತೋಳುಗಾತ್ರದ ಕೊಂಬೆಯನ್ನು ಕಡಿದು ನೆಟ್ಟರೂ ಬೇರುಬಿಡುತ್ತದೆ. ಕೆಲವೇ ವರ್ಷಕ್ಕೆ ಮರ ಸಿದ್ಧ. ಹಾಗೆ ಅವಸರದಿಂದ ನೆಟ್ಟ ಸಾಲುಗಳಲ್ಲಿ 1980ರ ದಶಕದಲ್ಲಿ ಸೊರಗುರೋಗ ಕಾಣಿಸಿಕೊಂಡಿತು. ಸಿಡಿಲು ಬಡಿದ ಮರಕ್ಕೆ ಬೂಷ್ಟು ಹಿಡಿದು, ಅಲ್ಲಿಂದ ಪಕ್ಕದ ಮರಗಳಿಗೆ ಹಬ್ಬುತ್ತಿತ್ತು. ಶತಮಾನದ ಹಿಂದೆ ನೆಟ್ಟಿದ್ದ ಅಂಗ್ಸಾನಗಳನ್ನು ಮುಗಿಸಿದ್ದೂ ಇದೇ ಬಗೆಯ ರೋಗ.

ಈಗ ಅಲ್ಲಿಯ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಹಿರಿಯ ಮರಗಳಿವೆ. ಒಂದೊಂದಕ್ಕೂ ಫಲಕ, ಸಿಡಿಲು ತಡೆಯುವ ತಂತಿ, ಕಾಲಕಾಲಕ್ಕೆ ತಪಾಸಣೆ. ಇಷ್ಟೆಲ್ಲ ಇದ್ದೂ 2017ರ ಫೆಬ್ರವರಿ 11ರ ಸಂಜೆ ಸಸ್ಯೋದ್ಯಾನದ ಇನ್ನೊಂದು ತೆಂಬುಸು ಬುಡಸಹಿತ ಉರುಳಿತು. 270 ವರ್ಷಕ್ಕೂ ಮೇಲ್ಪಟ್ಟದ್ದು, 40 ಮೀಟರು ಎತ್ತರದ್ದು, ಪಟ್ಟಿಯಲ್ಲಿದ್ದದ್ದೇ. ಭಾರತದಿಂದ ಹೋಗಿ ಅಲ್ಲಿ ನೆಲೆಸಿದ್ದ ಮಹಿಳೆಯೊಬ್ಬರು ಅದರ ಕೆಳಗೆ ಸಿಕ್ಕಿ ಪ್ರಾಣ ಕಳೆದುಕೊಂಡರು, ನಾಲ್ವರಿಗೆ ಗಾಯವಾಯಿತು. ಕೆಲವೇ ತಿಂಗಳ ಹಿಂದೆ ನಡೆದ ತಪಾಸಣೆಯಲ್ಲಿ ಮರ ಆರೋಗ್ಯವಾಗಿದೆ ಎಂದೇ ಕಂಡಿತ್ತು. ಕೊಳೆತದ್ದು ನೆಲದೊಳಗಿನ ಬೇರು. ಒಂದು ಮರ ಬಿತ್ತೆಂದು ಉಳಿದ ಹಿರಿಯ ಮರಗಳನ್ನೆಲ್ಲ ಕಡಿಯಬೇಕೆಂಬ ಮಾತು ನಮ್ಮ ಊರುಗಳಲ್ಲಿ ಮೊದಲು ಬರುತ್ತದೆ. ಅಲ್ಲಿ ಹಾಗೆ ಕಡಿಯಲಿಲ್ಲ. ಕಾಂಡದೊಳಗೆ ಶಬ್ದದ ಅಲೆ ಹಾಯಿಸಿ ಟೊಳ್ಳು ಹುಡುಕುವ, ಕೂದಲೆಳೆಯಂಥ ಸೂಜಿ ತೂರಿಸಿ ಕಟ್ಟಿಗೆಯ ಗಟ್ಟಿತನ ಅಳೆಯುವ ಯಂತ್ರಗಳಿವೆ. ಆದರೂ ತಪಾಸಣೆಗೆ ಬರುವವನು ಮೊದಲು ಮಾಡುವ ಕೆಲಸವೆಂದರೆ ಮರದ ಸುತ್ತಿಗೆಯಿಂದ ಬುಡವನ್ನು ಅಲ್ಲಲ್ಲಿ ಬಡಿದು ಸದ್ದು ಕೇಳುವುದು, ನಾವು ಹಲಸಿನ ಹಣ್ಣನ್ನು ತಟ್ಟಿ ನೋಡುವ ಹಾಗೆ.